ಸೆಂಟೋ ಸಂಗಪ್ಪನವರ ಭಾಷಣ

ಪಾಕಿಸ್ತಾನ ಹೀಗೆ ಮಾಡುತ್ತದೆ ಎಂದು ಸಂಗಪ್ಪನವರು ಕನಸಿನಲ್ಲೂ ಎಣಿಸಿರಲಿಲ್ಲ. ಮಾಡುವುದಿದ್ದರೂ ಒಂದು ದಿನ ತಡೆದು ಮಾಡಬಹುದಿತ್ತು.

1979ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ. ಯಶವಂತಪುರದ ವಠಾರದಲ್ಲಿ ಸಂಗಪ್ಪನವರು ಗಲ್ಲಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದರು. ಪಕ್ಕದ ಮನೆಯ ಹಬೀಬುಲ್ಲಾ ರೇಡಿಯೋ ರಿಪೇರಿಯವನು. ತಾನು ಕೇಳುವ ವಾರ್ತೆಯನ್ನು ಇಡೀ ವಠಾರಕ್ಕೆ ಕೇಳಿಸುವಷ್ಟು ಧಾರಾಳಿ. ಪಾಕಿಸ್ತಾನವೂ ಇರಾನೂ ಸೆಂಟೋ ಒಕ್ಕೂಟವನ್ನು ಬಿಟ್ಟು ಹೊರಬಂದಿವೆ ಎಂದು ಆ ರೇಡಿಯೋ ಹೇಳಿದ್ದೇ ತಡ, ರೇಜರು ಅರ್ಧ ಇಂಚು ಅಡ್ಡದಾರಿ ಹಿಡಿಯಿತು.

"ಅಯ್ಯ ನನ ಶಿವನ! ಗಲ್ಲ ಕೊಯ್ಕೊಂಡೀರಲ್ರೀ!" ಎಂದು ಹೆಂಡತಿ ಚನ್ನಕ್ಕ ಟವೆಲ್ಲು ಹಿಡಿದು ಓಡಿ ಬಂದಳು. "ಏನಾತು?"

"ಪಾಕಿಸ್ತಾನ ಹೋತು."

"ಎಲ್ಲಿಗೆ?"

"ಎಲ್ಲಿಗರೆ ಹೋಗ್ಲಿ, ನನ್ನ ಪ್ರಿನ್ಸಿಪಾಲ್ ಕುರ್ಚಿ ತಗೊಂಡು ಹೋತು!"

ಸಂಗಪ್ಪನವರು ಗದಗದ ಕಡೆಯವರು. ಧಾರವಾಡದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮುಗಿಸಿ, ಆರು ವರ್ಷದಿಂದ ಇಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ತಾತ್ಕಾಲಿಕ ಅಧ್ಯಾಪಕರು. ಏಪ್ರಿಲ್‌ನಲ್ಲಿ ತೆಗೆಯುವುದು, ಜುಲೈನಲ್ಲಿ ಮತ್ತೆ ಸೇರಿಸಿಕೊಳ್ಳುವುದು. ಬೇಸಿಗೆ ಬಂದರೆ ಪೆಟ್ಟಿಗೆ ಸೇರುವ ಸ್ವೆಟರಿನಂಥ ಬಾಳು. ಆದರೂ ಅವರ ಆತ್ಮವಿಶ್ವಾಸ ಮಾತ್ರ ಕಾಯಂ. ಟರ್ಕಿ, ಇರಾನ್, ಪಾಕಿಸ್ತಾನಗಳು ರಷ್ಯಾದ ಭಯಕ್ಕೆ ಬ್ರಿಟನ್ನಿನ ಜೊತೆ ಸೇರಿ, ಅಮೆರಿಕದ ಬೆನ್ನಾಸರೆಯಲ್ಲಿ ಕಟ್ಟಿಕೊಂಡ ಸೆಂಟೋ ಎಂಬ ಸೇನಾ ಕೂಟ ಅವರ ವಿಶೇಷ ವಿಷಯ. ಅದು ಇನ್ನೂ ಐವತ್ತು ವರ್ಷ ಅಲುಗಾಡುವುದಿಲ್ಲವೆಂದು ಅವರು ಎಷ್ಟು ಸಲ ಹೇಳಿದ್ದರೆಂದರೆ, ಕಾಲೇಜಿನಲ್ಲಿ ಜವಾನನಿಂದ ಹಿಡಿದು ಎಲ್ಲರೂ ಅವರನ್ನು ಕರೆಯುತ್ತಿದ್ದುದು ಸೆಂಟೋ ಸಂಗಪ್ಪ ಎಂದೇ.

ಅಂಥವರಿಗೆ ಅದೃಷ್ಟ ಯಲಹಂಕದ ಕಡೆಯಿಂದ ಬಂದಿತ್ತು. ಅಟ್ಟೂರಿನ ಮುನಿಶಾಮಪ್ಪ ಮತ್ತು ಮುನಿಕೃಷ್ಣಪ್ಪ ದಾಯಾದಿಗಳು. ಒಂದು ಬದುವಿನ ಜಗಳಕ್ಕೆ ಹನ್ನೊಂದು ವರ್ಷ ಮುಖ ನೋಡದೆ ಇದ್ದವರು, ಸಿಟಿಯವನೊಬ್ಬ ತಮ್ಮೂರಿನ ಪಕ್ಕದಲ್ಲೇ ಕಾಲೇಜು ತೆರೆಯುತ್ತಾನೆಂದು ಸುದ್ದಿ ಬಂದದ್ದೇ ಒಂದಾಗಿದ್ದರು. ಅವನಿಗಿಂತ ಮೊದಲು ತಾವೇ ಕಾಲೇಜು ತೆರೆಯುವುದು. ಜಮೀನು ಮುನಿಶಾಮಪ್ಪನವರದು, ಕಟ್ಟಡ ಕಂಟ್ರಾಕ್ಟರ್ ಮುನಿಕೃಷ್ಣಪ್ಪನವರದು. ಪ್ರಿನ್ಸಿಪಾಲರಾಗುವವರು ಮೊದಲು ಊರಿನ ಮುಂದೆ ಒಂದು ಭಾಷಣ ಮಾಡಿ ತೋರಿಸಬೇಕು. ಸಂಗಪ್ಪನವರು 'ಸೇನಾ ಕೂಟಗಳ ಭವಿಷ್ಯ' ಎಂಬ ಮೂವತ್ತೆಂಟು ಪುಟ ಬರೆದಿದ್ದರು. ಭಾಷಣ ಇವತ್ತು ಸಂಜೆ ಐದಕ್ಕೆ.

ಅಷ್ಟರಲ್ಲಿ ಹಬೀಬುಲ್ಲಾ ಬಂದ. ಸಾವಿನ ಮನೆಗೆ ಬಂದವನಂತೆ ಚಪ್ಪಲಿ ಹೊರಗೆ ಬಿಟ್ಟು, ದನಿ ತಗ್ಗಿಸಿ ಕೇಳಿದ: "ಮೇಷ್ಟ್ರೇ, ನಿಮ್ಮ ಸೆಂಟೋ ಹೋಗ್ಬಿಡ್ತಂತಲ್ಲ? ನಿನ್ನೆವರೆಗೂ ಚೆನ್ನಾಗೇ ಇತ್ತಲ್ವಾ?"

ಹಿಂದೆಯೇ ಎದುರುಮನೆಯ ಗೋಪಾಲಮ್ಮ ಬಂದು, "ಯಾರು ಹೋಗಿದ್ದು? ವಯಸ್ಸಾಗಿತ್ತಾ?" ಎಂದರು.

"ಇಪ್ಪತ್ನಾಕು," ಎಂದರು ಸಂಗಪ್ಪನವರು ಗಲ್ಲ ಒತ್ತಿ ಹಿಡಿದು.

"ಅಯ್ಯೋ ಪಾಪ, ಬಾಳಿ ಬದುಕೋ ವಯಸ್ಸು!" ಎಂದು ಗೋಪಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ದಾರಿ ತೋರಿಸಿದವಳು ಚನ್ನಕ್ಕ. "ಉಳೀತೈತಿ ಅಂತ ಬರದೀರಿ. ಉಳಿಯೂದಿಲ್ಲ ಅಂತ ತಿದ್ರಿ. ಮುಗೀತು."

"ಇದೇನ ಸಾರಿಗೆ ಉಪ್ಪು ಹಾಕಿದಂಗ ಅಂತ ತಿಳದೀಯೇನ? ಹತ್ತು ವರ್ಷದ ಅಧ್ಯಯನ ಐತಿ ಇದು!" ಎಂದು ಸಂಗಪ್ಪನವರು ಗುಡುಗಿದರು. ಗುಡುಗಿ, ಕೆಂಪು ಪೆನ್ಸಿಲ್ ಹುಡುಕಿದರು.

ಮಧ್ಯಾಹ್ನ ಒಂದು ಗಂಟೆಗೆ 'ಅಚಲ' ಇದ್ದಲ್ಲೆಲ್ಲ 'ಚಂಚಲ' ಬಂದಿತ್ತು, 'ವಜ್ರದಂತೆ' ಇದ್ದಲ್ಲಿ 'ಹಪ್ಪಳದಂತೆ' ಕೂತಿತ್ತು. ಇಪ್ಪತ್ತನೆಯ ಪುಟದ ಹೊತ್ತಿಗೆ ಅವರಿಗೆ ತಮ್ಮ ವಾದ ಹಿಡಿಸತೊಡಗಿತು. ಮೂವತ್ತೆಂಟನೆಯ ಪುಟ ಮುಗಿದಾಗ, ಸೆಂಟೋ ಮುರಿದು ಬೀಳುತ್ತದೆಂದು ತಾವು ಮೊದಲಿನಿಂದಲೂ ಹೇಳುತ್ತಾ ಬಂದಿರುವುದಾಗಿ ಅವರಿಗೇ ಖಾತ್ರಿಯಾಗಿತ್ತು.

"ಬಸ್ಸಲ್ಲಿ ಹೋದ್ರೆ ಇಸ್ತ್ರಿ ಎಲ್ಲಾ ಹಾಳು. ನನ್ನ ಸ್ಕೂಟರಲ್ಲಿ ಬನ್ನಿ," ಎಂದ ಹಬೀಬುಲ್ಲಾ. ಸಂಗಪ್ಪನವರು ಹಿಂದೆ ಕೂತರು. ಕೂತವರು ಸುಮ್ಮನಿರದೆ, ಹಬೀಬುಲ್ಲಾನ ಬೆನ್ನನ್ನೇ ಮೇಜು ಮಾಡಿಕೊಂಡು ಹಾಳೆಗಳನ್ನು ಹರಡಿ ಜೋರಾಗಿ ಓದುತ್ತಾ ಹೊರಟರು. ಹೆಬ್ಬಾಳದ ಕೆರೆಯ ಬಳಿ ಕಲ್ಲು ತುಂಬಿದ ಲಾರಿಯೊಂದು ಪಕ್ಕದಲ್ಲೇ ಭರ್ರೆಂದು ಹಾದುಹೋಯಿತು. ಮೂವತ್ತೆಂಟು ಪುಟಗಳೂ ಕೊಕ್ಕರೆಗಳ ಹಿಂಡಿನಂತೆ ಒಟ್ಟಿಗೆ ಮೇಲೆದ್ದು, ಒಂದು ಸುತ್ತು ಹೊಡೆದು, ನೀರಿಗಿಳಿದವು.

"ಯಾ ಅಲ್ಲಾ! ಇಳಿದು ತರ್ಲಾ ಮೇಷ್ಟ್ರೇ?"

ಸಂಗಪ್ಪನವರು ಕೋಟಿನ ಗುಂಡಿ ಹಾಕಿಕೊಂಡು ಹೇಳಿದರು: "ಬ್ಯಾಡ ಬಿಡ್ರಿ. ಹಾಳಿ ಹೋದ್ರ ಹೋಗ್ಲಿ, ತಲಿ ಐತಲ್ಲ. ನಡೀರಿ."

ಅಟ್ಟೂರಿನ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿತ್ತು. ನೂರೈವತ್ತು ಜನ. ಮುಂದಿನ ಸಾಲಿನಲ್ಲಿ, ಎಲೆಯಡಿಕೆ ಮೆಲ್ಲುತ್ತಾ, ಮುನಿಶಾಮಪ್ಪನವರ ತಾಯಿ ಮುನಿವೆಂಕಟಮ್ಮ. ವೇದಿಕೆಯ ಮೇಲೆ ಮೂರು ಕುರ್ಚಿ. ಆ ತುದಿಗೊಬ್ಬ, ಈ ತುದಿಗೊಬ್ಬ ದಾಯಾದಿ, ನಡುವೆ ಸಂಗಪ್ಪನವರು.

ಮುನಿಶಾಮಪ್ಪ ಬಗ್ಗಿ ಕಿವಿಯಲ್ಲಿ ಹೇಳಿದರು: "ಬಾಸಣ ಬೊಂಬಾಟಾಗಿರ್ಲಿ ಮೇಷ್ಟ್ರೇ. ಸನಿವಾರ ಜಮೀನು ರಿಜಿಸ್ಟ್ರೇಸನ್ನು. ಪ್ರಿನ್ಸಿಪಾಲ್ರು ನೀವೇ ಅಂತ ಇಟ್ಕಳಿ."

ಸಂಗಪ್ಪನವರು ಎದ್ದು ನಿಂತು ಮೈಕು ಹಿಡಿದರು. ಮೊದಲ ಐದು ನಿಮಿಷ ಪುಸ್ತಕದ ಕನ್ನಡ. ಆಮೇಲೆ ಪಾಕಿಸ್ತಾನದ ನೆನಪಾಯಿತು. ಬೆಳಗಿನಿಂದ ತಡೆದ ಸಿಟ್ಟು ಒಮ್ಮೆಲೇ ಗದಗದ ಕನ್ನಡವಾಗಿ ಹೊರಬಂತು.

"ಇವರೆಲ್ಲ ಯಾಕ ಕೂಡಿದ್ರು? ಪ್ರೀತಿಗೇನು? ಅಲ್ಲ! ಹೊರಗಿನವನೊಬ್ಬ ಬರ್ತಾನ ಅನ್ನೂ ಹೆದರಿಕಿಗೆ! ಹೆದರಿಕಿ ಅನ್ನೂದು ಮೈದಾಹಿಟ್ಟಿನ ಅಂಟಿದ್ದಂಗ. ಹಚ್ಚಿದ ದಿನ ಗಟ್ಟಿ ಹಿಡೀತೈತಿ. ನಾಕು ದಿನ ಬಿಸಿಲು ಬಿದ್ರ ಮೂಲಿ ಬಿಚ್ಕೋತೈತಿ!"

ಚಪ್ಪಾಳೆ ಬಿತ್ತು. ಮುನಿಶಾಮಪ್ಪ ಓರೆಗಣ್ಣಿನಿಂದ ಮುನಿಕೃಷ್ಣಪ್ಪನವರನ್ನು ನೋಡಿದರು. ಮುನಿಕೃಷ್ಣಪ್ಪ ಆಗಲೇ ಇವರನ್ನು ನೋಡುತ್ತಿದ್ದರು.

"ಒಬ್ಬ ನೆಲ ಕೊಟ್ಟ. ಇನ್ನೊಬ್ಬ ರೊಕ್ಕ ಹಾಕಿದ. ನೆಲ ಕೊಟ್ಟವನಿಗೆ ಉಳಿದದ್ದೇನು? ನೆಲ ಹೋತು! ರೊಕ್ಕ ಹಾಕಿದವನಿಗೆ? ಹೆಸರು ಮತ್ತೊಬ್ಬಂದು!"

ಈಗ ಬಿದ್ದ ಚಪ್ಪಾಳೆಗೆ ಶಾಮಿಯಾನದ ಗೂಟ ನಡುಗಿತು. ಸಂಗಪ್ಪನವರ ಬೆನ್ನ ಹಿಂದೆ, ಅವರ ಖಾಲಿ ಕುರ್ಚಿಯನ್ನು ದಾಟಿ, ಒಂದು ಚೀಟಿ ಮುನಿಶಾಮಪ್ಪನವರ ಕೈಯಿಂದ ಮುನಿಕೃಷ್ಣಪ್ಪನವರ ಕೈಗೆ ಹೋಯಿತು. ಮುನಿಕೃಷ್ಣಪ್ಪ ಓದಿ, ಪೆನ್ನು ತೆಗೆದು ಏನೋ ಬರೆದು ವಾಪಸು ಕೊಟ್ಟರು. ನೀರು ಕುಡಿಯಲು ತಿರುಗಿ ಅದನ್ನು ಕಂಡ ಸಂಗಪ್ಪನವರಿಗೆ ರೋಮಾಂಚನವಾಯಿತು. ನೇಮಕದ ಮಾತು ವೇದಿಕೆಯ ಮೇಲೆಯೇ ಮುಗಿಯುತ್ತಿದೆ!

ಆಗ ಮುನಿವೆಂಕಟಮ್ಮ ಕೂತಲ್ಲಿಂದಲೇ ಕೇಳಿದರು: "ಮೇಷ್ಟ್ರೇ, ಆ ಪಾಕಿಸ್ತಾನದೋನು ಬುಟ್ಟೋದ್ನಲ್ಲ, ಮಿಕ್ಕಿದೋರ್ಗೆ ಒಂದ್ ಮಾತು ಏಳ್ದೆ ಓದ್ನಾ?"

"ಕೇಳಿ ಹೋಗೂದೇನೈತಿ ಅವ್ವಾರ? ಇಂಥಾ ಕೂಟದಾಗ ಮೊದಲು ಎದ್ದವನ ಶಾಣ್ಯಾ. ಕಡೀಗೆ ಕುಂತವನ ತಲಿಮ್ಯಾಲೆ ಚಪ್ಪರ ಬೀಳ್ತೈತಿ!"

ಮುನಿವೆಂಕಟಮ್ಮ ಮಗನ ಕಡೆ ತಿರುಗಿ, "ಕೇಳುಸ್ಕಂಡ್ಯೇನ್ಲಾ?" ಎಂದರು.

ಭಾಷಣ ಮುಗಿಯಿತು. ವಂದನಾರ್ಪಣೆ ಮಾಡಬೇಕಿದ್ದ ಮುನಿಕೃಷ್ಣಪ್ಪ ಹಾರವನ್ನು ಸಂಗಪ್ಪನವರ ಕೊರಳಿಗೆ ಎಸೆದಂತೆ ಹಾಕಿ, "ಕಣ್ ತೆಗ್ಸುದ್ರಿ ಸಾ!" ಎಂದು ಎರಡೂ ಕೈ ಹಿಡಿದು ಕುಲುಕಿ, ಮೋಟಾರ್ ಸೈಕಲ್ ಒದ್ದು ಮಾಯವಾದರು. ಮುನಿಶಾಮಪ್ಪ ಸಂಗಪ್ಪನವರನ್ನು ಶಾಲೆಯ ಒಳಗೆ ಕರೆದೊಯ್ದು ಕೂರಿಸಿ, ತಾವೇ ಕಾಫಿ ತಂದುಕೊಟ್ಟರು.

"ಇಂತಾ ಬಾಸಣ ನನ್ ಜನ್ಮದಲ್ಲಿ ಕೇಳಿರ್ಲಿಲ್ಲ ಮೇಷ್ಟ್ರೇ. ನನ್ನ ಮೂರೆಕರೆ ಉಳುಸ್ಬುಟ್ರಿ."

ಸಂಗಪ್ಪನವರು ಕಾಫಿ ಲೋಟ ಕೆಳಗಿಟ್ಟರು. "ಯಾವ ಮೂರೆಕರೆ?"

"ಅದೇ ಕಾಲೇಜಿಗೆ ಕೊಡಕ್ಕೋಗಿದ್ನಲ್ಲ. ನೀವು ಮಾತಾಡ್ತಿದ್ದಂಗೇ ಚೀಟಿ ಕಳುಸ್ದೆ, ಜಮೀನು ಕೊಡಲ್ಲ ಅಂತ. ಅವ್ನೂ ಅದ್ರ ಇಂದ್ಗಡೇನೇ ಬರ್ದವ್ನೆ, ಕಟ್ಟಡ ಕಟ್ಟಲ್ಲ ಅಂತ. ಆದ್ರೆ ಮೊದ್ಲು ಎದ್ದೋನು ನಾನೇ! ಊರೆಲ್ಲ ಸಾಕ್ಸಿ!"

"ಮತ್ತ ಆ ಸಿಟಿಯವನು?"

"ಬಂದ್ರೆ ಬರ್ಲಿ ಬುಡಿ. ಪಕ್ಕದಲ್ಲಿ ಕಾಲೇಜಾದ್ರೆ ನನ್ ಜಮೀನಿಗೇ ರೇಟು. ಎದ್ರಿಕೆ ಯಾತಕ್ಕೆ ಅಂತ ನೀವೇ ಏಳುದ್ರಲ್ಲ."

ಸಂಗಪ್ಪನವರು ವಿದ್ವಾಂಸರು, ಬಿಡಲಿಲ್ಲ. "ತಡೀರಿ ಯಜಮಾನ್ರ! ಎಲ್ಲಾ ಕೂಟ ಮುರೀತಾವ ಅಂತ ನಾ ಎಲ್ಲಿ ಹೇಳ್ದೆ? ಯುರೋಪಿನಾಗ ನ್ಯಾಟೋ ಅಂತ ಐತಿ. ಮೂವತ್ತು ವರ್ಷ ಆತು. ಬಂಡೆಗಲ್ಲಿನಂಗ ನಿಂತೈತಿ!"

ಮುನಿಶಾಮಪ್ಪ ಗಡ್ಡ ಕೆರೆದುಕೊಂಡು ಯೋಚಿಸಿದರು. ಸಂಗಪ್ಪನವರ ಎದೆಯಲ್ಲಿ ಆಸೆ ಚಿಗುರಿತು.

"ಅದ್ರಲ್ಲಿ ದಾಯಾದಿಗಳು ಯಾರಾನ ಅವ್ರಾ?"

ಇಲ್ಲವೆಂದಿದ್ದರೆ ಮುಗಿಯುತ್ತಿತ್ತು. ಆದರೆ ಹತ್ತು ವರ್ಷದ ಅಧ್ಯಯನ ಬಾಯಿ ಕಟ್ಟಿಕೊಂಡು ಕೂರುವುದಿಲ್ಲ. "ಗ್ರೀಸು ಟರ್ಕಿ ಅಂತ ಅದಾವ. ಹೆಚ್ಚು ಕಡಿಮಿ ದಾಯಾದಿಗಳ ಇದ್ದಂಗ."

"ಸರಿ, ಅವ್ರು ಚೆಂದಾಗವ್ರಾ?"

"ಐದು ವರ್ಷದ ಹಿಂದ ಜಗಳ ಆತು. ಗ್ರೀಸು ತನ್ನ ದಂಡು ವಾಪಸ್ ಕರ್ಕೊಂತು."

"ನೋಡುದ್ರಾ!" ಎಂದು ಮುನಿಶಾಮಪ್ಪ ತೊಡೆ ತಟ್ಟಿದರು. "ಎಲ್ಲೋದ್ರೂ ಅಷ್ಟೇಯ!"

ಸಂಗಪ್ಪನವರು ಕೊರಳಿನ ಹಾರ ತೆಗೆದು ಮೇಜಿನ ಮೇಲಿಟ್ಟು ಎದ್ದರು. ಏಪ್ರಿಲ್‌ಗೆ ಇನ್ನು ಕೆಲವೇ ದಿನವಿತ್ತು. ಹೊರಗೆ ಹಬೀಬುಲ್ಲಾ ಸ್ಟಾರ್ಟ್ ಆಗದ ಸ್ಕೂಟರನ್ನು ಓರೆ ಮಾಡಿ ಅಲುಗಾಡಿಸುತ್ತಿದ್ದ. ಮುನಿಶಾಮಪ್ಪ ಬಾಗಿಲವರೆಗೂ ಬಂದು, ಸುತ್ತ ನೋಡಿ, ದನಿ ತಗ್ಗಿಸಿದರು.

"ಮೇಷ್ಟ್ರೇ, ಇನ್ನೊಂದ್ ಉಪ್ಕಾರ. ಅಬ್ಬಿಗೆರೇಲಿ ನಮ್ ಬೀಗ ಅವ್ನೆ. ಅವನೂ ಅವನ್ ಬಾಮೈದನೂ ಸೇರ್ಕಂಡು ಇಟ್ಟಿಗೆ ಗೂಡು ಆಕ್ತಾವ್ರೆ. ಅದು ಎದ್ರೆ ನನ್ ಗೂಡು ಮುಚ್ಚೋಯ್ತದೆ. ನೀವು ಒಂದ್ ಕಿತ ಅಲ್ಲಿಗ್ ಬಂದು ಇದೇ ಬಾಸಣ ಮಾಡ್ಬುಡಿ. ಸಾಲು, ಹಾರ, ಕಾರು, ಎಲ್ಲಾ ನಂದೇ."

ಸಂಗಪ್ಪನವರು ಕೋಟು ಜಗ್ಗಿ ಸರಿಪಡಿಸಿಕೊಂಡರು.

"ಮೈಕಿನ ವ್ಯವಸ್ಥಾ ಐತ್ಯೋ ಇಲ್ಲೋ?"