ಯಕೃತ್ತಿನ ಗಡಸು ಅಳೆಯುವ ಯಂತ್ರಕ್ಕೆ, ಚಹಾ ಕುಡಿಸಿದವನ ಅಹವಾಲು

ಗೆ,
ಯಕೃತ್ತಿನ ಗಡಸು ಅಳೆಯುವ ಯಂತ್ರ ಮಹಾಶಯರು,
ತಪಾಸಣಾ ಶಿಬಿರ, ಜಮಖಂಡಿ.

ಮಾನ್ಯರೇ,

ಚರ್ಮಕ್ಕೆ ಗೀರೂ ಬೀಳದಂತೆ ಒಳಗಿನ ಸತ್ಯವನ್ನು ಹೊರತೆಗೆಯುವ ತಮ್ಮ ವಿದ್ಯೆಗೆ ಮುಧೋಳ ತಾಲೂಕಿನ ಸಮಸ್ತ ಹೊಟ್ಟೆಗಳ ಪರವಾಗಿ ವಂದಿಸಿ, ಸಕ್ಕರೆ ಕಾರ್ಖಾನೆಯೊಂದರ ಫೀಲ್ಡ್‌ಮನ್ ಆಗಿ ಮೂವತ್ತೊಂದು ವರ್ಷ ಕಬ್ಬಿನ ಹೊಲ ತಿರುಗಿ ನಿವೃತ್ತನಾದ ನಾನು ಈ ಸಣ್ಣ ದೂರನ್ನು ತಮ್ಮ ಪರದೆಯ ಮುಂದಿಡುತ್ತಿದ್ದೇನೆ.

ನನ್ನ ಜಾಗಕ್ಕೆ ಬಂದ ದುಂಡೇಶನಿಗೆ ಕಬ್ಬಿನ ತಳಿ, ಕಟಾವಿನ ಹದ ಕಲಿಸಿದವನು ನಾನು. ರೈತರ ಮನೆಯ ಚಹಾ ಬೇಡವೆನ್ನಬಾರದೆಂಬ ಮೊದಲ ಪಾಠವೂ ನನ್ನದೇ. ಅದನ್ನವನು ಎಷ್ಟು ಶ್ರದ್ಧೆಯಿಂದ ಪಾಲಿಸಿದನೆಂದರೆ, ಸಕ್ಕರೆಗೆ ಜಿಪುಣತನವಿಲ್ಲದ ಈ ಸೀಮೆಯಲ್ಲಿ ದಿನಕ್ಕೆ ಹದಿನಾಲ್ಕು ಕಪ್ಪು ಕುಡಿದು, ನಾಲ್ಕೇ ವರ್ಷದಲ್ಲಿ ಯಕೃತ್ತಿಗೆ ಕೊಬ್ಬು ತುಂಬಿಸಿಕೊಂಡನು. ಹೆಂಡ ಮುಟ್ಟದ ಹುಡುಗನನ್ನು ಓಣಿಯ ದಶರಥ, “ಏನಲೇ ದುಂಡ್ಯಾ, ನಮ್ಮನ್ನ ಬಿಟ್ಟು ಒಬ್ಬನ ಕುಡ್ಯಾಕತ್ತೀಯೇನಲೇ?” ಎಂದು ಕೇಳಿದ್ದು ಬೇರೆ.

ಶಿಬಿರದ ಡಾಕ್ಟರ್ ವೈಶಾಲಿಯವರು, ಕೊಬ್ಬು ತೆಪ್ಪಗೆ ಕುಳಿತಿರಬಹುದು, ಇಲ್ಲವೇ ಒಳಗೊಳಗೇ ಉರಿಯೂತ ಎಬ್ಬಿಸಿರಬಹುದು, ತಾವು ತೋರಿಸುವ ಗಡಸಿನ ಅಂಕಿ ಹೆಚ್ಚು ಬಂದರೆ ಬೆಳಗಾವಿಗೆ ಹೋಗಿ ಸೂಜಿ ಚುಚ್ಚಿಸಿ ಯಕೃತ್ತಿನ ಚೂರು ತೆಗೆಸಬೇಕು ಎಂದರು. ಅಂದಿನಿಂದ ಹುಡುಗನಿಗೆ ಸೂಜಿಯದೇ ಧ್ಯಾನ.

ಖಾಲಿ ಹೊಟ್ಟೆಯಲ್ಲಿ ಬರಬೇಕೆಂಬ ಅಪ್ಪಣೆಯಂತೆ ಅವನು ಮನೆಯಲ್ಲಿ ಏನೂ ಮುಟ್ಟದೆ ಹೊರಟನು. ಆದರೆ ಬೈಕಿನ ಹಿಂದೆ ನಾನಿದ್ದೆನಲ್ಲ! ದಾರಿಯುದ್ದಕ್ಕೂ ಪರಿಚಯದ ಐದು ತೋಟದ ಮನೆಗಳು. “ಚಹಾಕ್ಕ ಹೊಟ್ಟಿ ತುಂಬತೈತೇನ್ರಿ?” ಎಂಬ ಮೊದಲ ಮನೆಯ ಪದ್ಮವ್ವನ ವಾದ ನನಗೂ ಸರಿಯೆನಿಸಿತು. ಅವಳು ಜೊತೆಗೆ ಚುರುಮುರಿ ಸೂಸಲಾ ತಂದಿಟ್ಟಾಗ, “ಕಾಕಾ, ಬ್ಯಾಡ್ರಿ” ಎಂದು ಗೋಗರೆದ ಹುಡುಗನಿಗೆ ಮೊದಲ ಪಾಠ ನೆನಪಿಸಿದೆ.

ತಾವು ಅವನ ಬಲಪಕ್ಕೆಗೆ ಹತ್ತು ಸಲ ಮೆಲ್ಲಗೆ ತಟ್ಟಿ, ಆರರ ಆಸುಪಾಸಿನಲ್ಲಿರಬೇಕಾದ ಅಂಕಿಯನ್ನು ಹನ್ನೊಂದೆಂದು ಸಾರಿದಿರಿ. “ತಿಂದು ಬಂದ್ರ ಅಂಕಿ ಏರತೈತ್ರಿ. ಏನ್ ತಿಂದ್ರಿ? ಖರೆ ಹೇಳ್ರಿ,” ಎಂದು ಡಾಕ್ಟರು ಕೇಳಿದಾಗ, “ಏನೂ ಇಲ್ರೀ, ಬರೇ ಐದು ಮನಿ ಚಹಾ,” ಎಂದವನು ನಾನೇ. ಸೂಸಲಾದ ವಿಷಯ ಹುಡುಗನೇ ಹೇಳಿದ.

ಆದ್ದರಿಂದ, ಐದು ಮನೆಯ ಪ್ರೀತಿಯನ್ನು ಕಳೆದು ಅಂಕಿ ತೋರಿಸುವ ಗುಂಡಿಯೊಂದನ್ನು ತಾವು ದಯಮಾಡಿ ಅಳವಡಿಸಿಕೊಳ್ಳಬೇಕು. ಕೊಬ್ಬೆಷ್ಟು, ಗಡಸೆಷ್ಟು ಎಂದು ಥಟ್ಟನೆ ಹೇಳುವ ತಾವು, ಉರಿಯೂತ ಇದೆಯೋ ಇಲ್ಲವೋ ಎಂದು ಕೇಳಿದೊಡನೆ ಕಡತವನ್ನು ಸೂಜಿಯ ಟೇಬಲ್ಲಿಗೆ ದಾಟಿಸುವುದನ್ನು ಬಿಟ್ಟು, ಅದನ್ನೂ ಹೊರಗಿನಿಂದಲೇ ಕಾಣುವಷ್ಟು ಓದಿಕೊಳ್ಳಬೇಕು. ಹೊಸ ಯಂತ್ರಗಳಾದ ತಮ್ಮ ಕಿರಿಯ ಸಹೋದರರು ದೊಡ್ಡ ಊರುಗಳಲ್ಲಿ ಆ ಪರೀಕ್ಷೆಗೆ ಕುಳಿತಿದ್ದಾರಂತೆ. ಅವರು ಪಾಸಾಗುತ್ತಾರೆ, ಎಳೆಯರ ಮೇಲೆ ನನಗೆ ಎಂದೂ ನಂಬಿಕೆ.

ಮುಂದಿನ ವಾರ ಒಂದೂ ಮನೆಯಿಲ್ಲದ ಕಾಲುವೆಯ ದಂಡೆ ಹಿಡಿದು ಹಸಿದೇ ಬಂದೆವು. ದುಂಡೇಶನಿಗೆ ಆರು ಬಂತು. ಸದ್ಯಕ್ಕೆ ಸೂಜಿ ಬೇಡ, ತೂಕ ಇಳಿಸಿದರೆ ಸಾಕು ಎಂದರು ಡಾಕ್ಟರು. ಅದಕ್ಕಾಗಿ ಋಣಿ.

ಹತ್ತೂ ತಟ್ಟುಗಳಿಗೆ ಮೈಯೊಡ್ಡಿಯೂ ತಮ್ಮ ವಿಶ್ವಾಸಿ,
ಗಿರಮಲ್ಲಪ್ಪ, ಮುಧೋಳ

ತಾ.ಕ.: ಹಸಿದು ಬಂದ ಆ ದಿನ ಹುಡುಗನಿಗೆ ಧೈರ್ಯ ಬರಲೆಂದು ಮೊದಲು ಮಲಗಿದವನು ನಾನು, ನನ್ನ ಅಂಕಿಯನ್ನು ತಮ್ಮಲ್ಲಿ ಯಾರೂ ಕೇಳಿರಲಿಲ್ಲ. ಆದರೂ ತಾವು ಹದಿನಾಲ್ಕು ಎಂದು ಎಲ್ಲರಿಗೂ ಕಾಣುವಂತೆ ಹೊಳೆಸಿದಿರಿ. ದುಂಡೇಶ ಬೆಳಗಾವಿಯ ಬಸ್ಸಿಗೆ ಎರಡು ಸೀಟು ಹಿಡಿದು ಬಂದಿದ್ದಾನೆ. ಯಾವ ಕೆಲಸದಲ್ಲೂ ಅವನಿಗೆ ಇಷ್ಟು ಉತ್ಸಾಹವಿದ್ದುದನ್ನು ನಾನು ಕಂಡಿರಲಿಲ್ಲ.