ರೀಶಾಳ ತವರು

ಮಿಜ್ಬಿಲ್‌ನ ಪೇಚಾಟ ಶುರುವಾದದ್ದು ನಾಲ್ಕು ಎಳೆ ಕೂದಲಿನಿಂದ. ಕೂದಲು ಅವನದಲ್ಲ, ಅವನ ಹೆಣ್ಣು ಕುದುರೆ ರೀಶಾಳದು.

ಶೇಖ್ ಸತ್ತಾಮ್ ತನ್ನ ಹೆಸರುವಾಸಿ ಗಂಡು ಕುದುರೆಯನ್ನು ಈ ವಸಂತದಲ್ಲಿ ಹೊರಗಿನ ಒಂದೇ ಒಂದು ಹೆಣ್ಣಿಗೆ, ಅದೂ ಅಪ್ಪಟ ಸಕ್ಲಾವಿ ವಂಶದ ಹೆಣ್ಣಿಗೆ ಬಿಡುವುದಾಗಿ ಸಾರಿದ್ದ. ಆ ಮರಳುಗಾಡಿನಲ್ಲಿ ಕುದುರೆಮರಿಗೆ ವಂಶ ಬರುವುದು ತಾಯಿಯಿಂದ. ಅಪ್ಪ ಎಂಥ ಶೂರನಾದರೂ ಲೆಕ್ಕಕ್ಕಿಲ್ಲ. ಮಿಜ್ಬಿಲ್ ರೀಶಾಳ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ. ತನ್ನ ಸ್ವಂತ ಮುತ್ತಜ್ಜಿಯ ಹೆಸರು ಕೇಳಿದರೆ ಮಾತ್ರ ಹೆಂಡತಿಯ ಮುಖ ನೋಡುತ್ತಿದ್ದ.

ವಂಶ ಪರೀಕ್ಷೆಗೆಂದು ಕುದುರೆಗಳ ಕೂದಲು ಒಯ್ದಿದ್ದ ವಿಶ್ವವಿದ್ಯಾಲಯದ ಡಾಕ್ಟರ್ ರೀಮ್ ಇವತ್ತು ಬೆಳಿಗ್ಗೆ ಶೇಖನ ಗುಡಾರಕ್ಕೆ ಫಲಿತಾಂಶ ತಂದಳು.

“ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಾತ್ರ ಮರಿಗೆ ಇಳಿಯುತ್ತೆ. ರೀಶಾದು, ಅವ್ವಾದ್ ಅವರ ಕುದುರೇದು, ಎರಡೂ ಒಂದೇ. ಹಿಂದೆ ಎಲ್ಲೋ ಇಬ್ಬರಿಗೂ ಒಬ್ಬಳೇ ತಾಯಿ.”

ಅವ್ವಾದ್ ಎಲ್ಲರಿಗೂ ನೀರು ತಂದುಕೊಡುವವನು; ಅವನ ಕುದುರೆ ದಿನವೂ ನೀರಿನ ಬಂಡಿ ಎಳೆಯುತ್ತಿತ್ತು. ಗುಡಾರದಲ್ಲಿ ಯಾರೋ ನಗು ತಡೆಯಲು ಹೋಗಿ ಕಾಫಿ ನೆತ್ತಿಗೆ ಹತ್ತಿಸಿಕೊಂಡರು.

“ಇನ್ನೊಂದ್ಸಲ ನೋಡಮ್ಮ,” ಎಂದು ಮಿಜ್ಬಿಲ್ ಓಡಿಹೋಗಿ ರೀಶಾಳ ಬಾಲದ ಕೂದಲಿಗೆ ಕೈಹಾಕಿದ. ಅವಳು ಒದ್ದಳು. ಒದೆ ತಪ್ಪಿತು, ಗುಡಾರದ ಹಗ್ಗ ಅವನ ಕಾಲಿಗೆ ಸಿಕ್ಕಿತು. ಅವನು ಮರಳಿನಿಂದ ಮುಖ ಎತ್ತುವಷ್ಟರಲ್ಲಿ ಅವ್ವಾದ್ ಮಡಿಲ ತುಂಬ ಬಾರ್ಲಿ ಹಿಡಿದು ನಿಂತಿದ್ದ.

“ಇದೇನೋ?”

“ರೀಶಾಗೆ. ನಮ್ಮನೆ ಮಗಳಲ್ವಾ ಮಿಜ್ಬಿಲಣ್ಣ, ಬರಿಗೈಲಿ ಬರೋದಾ?”

ಮಧ್ಯಾಹ್ನದೊಳಗೆ ಅಕ್ಕಪಕ್ಕದವರೆಲ್ಲ ಬಂದು ಅವರಿಬ್ಬರನ್ನೂ “ಬೀಗರೇ” ಎಂದು ಕರೆದು ಹೋದರು. ಒಲೆಯ ಮುಂದಿದ್ದ ಹೆಂಡತಿ ವದ್ಹಾ ತಲೆ ಎತ್ತಲಿಲ್ಲ.

“ಕೂದಲು ಕೊಡ್ಬೇಡಿ ಅಂದೆ. ಕೇಳಿದ್ರಾ? ಈಗ ಸುಮ್ನೆ ಬಿದ್ದಿರಿ.”

ಮಿಜ್ಬಿಲ್ ಸುಮ್ಮನಿರುವ ಜಾಯಮಾನದವನಲ್ಲ. ರೀಶಾಳನ್ನು ಯಾರಾದರೂ ಹಗುರ ಮಾಡಿದರೆ ಅವನಿಗೆ ಮೈ ಉರಿಯುತ್ತಿತ್ತು. ಸಂಜೆ ಶೇಖನ ಗುಡಾರಕ್ಕೆ ನುಗ್ಗಿ ಎಲ್ಲರ ನಡುವೆ ನಿಂತ.

“ಹಿರೀರೆ, ನನ್ನ ರೀಶಾ ಸಕ್ಲಾವಿ. ನನ್ನಜ್ಜ ಹೇಳಿದ್ದಾನೆ, ನಿಮ್ಮಜ್ಜ ಒಪ್ಪಿದ್ದಾನೆ. ಇಬ್ಬರ ತಾಯಿಬೇರು ಒಂದೇ ಅಂದ್ರೆ ರೀಶಾ ಬಂಡಿ ಕುದುರೆ ಆಗಲ್ಲ, ಆ ಬಂಡಿ ಕುದುರೇನೇ ಸಕ್ಲಾವಿ ಆಗುತ್ತೆ. ರಾಜಕುಮಾರಿ ನೀರು ಹೊತ್ರೆ ಕುಲ ಕೆಡುತ್ತಾ? ಕೆಡುತ್ತೆ ಅನ್ನೋರು ಎದ್ದು ನಿಂತು ಹೇಳಿ.”

ಯಾರೂ ಏಳಲಿಲ್ಲ. ಮುದುಕರು ಗಡ್ಡ ನೀವಿಕೊಂಡು ತಲೆದೂಗಿದರು. ಮಿಜ್ಬಿಲ್‌ನ ಎದೆ ಉಬ್ಬಿತು.

“ಸರಿಯಾಗೇ ಹೇಳಿದೆ,” ಎಂದ ಶೇಖ್. “ಇಬ್ಬರೂ ಸಕ್ಲಾವಿ. ಹಾಗಾದ್ರೆ ಆರಿಸೋದು ಸುಲಭ ಆಯ್ತು. ಒಬ್ಬಳು ನೆರಳಲ್ಲಿ ನಿಂತು ಖರ್ಜೂರ ತಿಂದವಳು. ಇನ್ನೊಬ್ಬಳು ವರ್ಷಗಟ್ಲೆ ಬಿಸಿಲಲ್ಲಿ ನೀರೆಳೆದ್ರೂ ಒಂದು ದಿನ ಕುಂಟಿಲ್ಲ. ನನ್ನ ಗಂಡು ಅವ್ವಾದ್‌ನ ಹೆಣ್ಣಿಗೆ.”

ಮಿಜ್ಬಿಲ್ ಗುಡಾರದ ಬಾಗಿಲ ಕಡೆ ತಿರುಗಿದ. ಮೂಲೆಯಲ್ಲಿ ಕೂತಿದ್ದ ಅವ್ವಾದ್ ಗಾಬರಿಯಾದ.

“ಗಬ್ಬದ ಕುದುರೇನ ಬಂಡಿಗೆ ಕಟ್ಟೋದು ಹ್ಯಾಗೆ ಹಿರೀರೆ? ಇಷ್ಟು ಜನಕ್ಕೆ ನೀರು ತರೋರ್ಯಾರು?”

ಶೇಖ್ ಮಿಜ್ಬಿಲ್‌ನ ಕಡೆ ನೋಡಿದ. ಆಮೇಲೆ ಎಲ್ಲರೂ ನೋಡಿದರು. ನೀರು ಹೊತ್ತರೆ ಕುಲ ಕೆಡದೆಂದು ಈಗಷ್ಟೇ ಎದೆ ತಟ್ಟಿ ಹೇಳಿದವನು ಇನ್ನೇನು ತಾನೇ ಹೇಳಿಯಾನು?

“ಎಳೀತಾಳೆ,” ಎಂದ ಮಿಜ್ಬಿಲ್, ಗಲ್ಲ ಮೇಲೆತ್ತಿ. “ಸಕ್ಲಾವಿ ಬಂಡಿ ಎಳೆಯೋದು ಹೇಗಿರುತ್ತೆ ಅಂತ ನಾಳೆ ಬಂದು ನೋಡಿ. ಆದ್ರೆ ಒಂದ್ಮಾತು ಅವ್ವಾದ್. ಆ ಕೊಳಕು ಬಂಡೀನ ತೊಳೆದಿಡೋವರೆಗೂ ನನ್ನ ಹುಡುಗಿ ಅದರ ಹತ್ರಾನೂ ಬರಲ್ಲ.”

“ತೊಳೆಯೋಣ ಅಣ್ಣ,” ಎಂದ ಅವ್ವಾದ್. “ಮೊದಲು ರೀಶಾ ಹೋಗಿ ನೀರು ತರ್ಲಿ.”