ಫ್ಯಾನಿಗೆ ನಿಂತ ಟೈಲರಮ್ಮ

ಚುನಾವಣೆಗೆ ‘ನಿಲ್ಲುವುದು’ ಎಂದು ಯಾರು ಹೆಸರಿಟ್ಟರೋ ತಿಳಿಯದು. ನಾನಂತೂ ಆ ದಿನಗಳಲ್ಲಿ ಒಂದು ಕಡೆ ನಿಂತದ್ದೇ ಇಲ್ಲ. ಹಾಲನ್ನು ಒಲೆಯ ಮೇಲಿಟ್ಟು ಬೀದಿಗೆ ಓಡುವುದು, ಸಿಕ್ಕವರಿಗೆಲ್ಲ ಕೈಮುಗಿಯುವುದು, ಹಾಲು ನೆನಪಾಗಿ ಮತ್ತೆ ಒಳಗೆ ಓಡುವುದು. ಒಮ್ಮೆ ಗುಂಡ್ಲುಪೇಟೆ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸಿಗೆ ದಾರಿಯುದ್ದಕ್ಕೂ ನನ್ನ ಯೋಜನೆಗಳನ್ನೆಲ್ಲ ವಿವರಿಸಿದೆ. ಇಳಿಯುವಾಗ ನೋಡಿದರೆ ಆಕೆ ಕೇರಳದವರು, ಕನ್ನಡ ಬಾರದು. ತಲೆಯನ್ನು ಮಾತ್ರ ನಮ್ಮೂರ ಮತದಾರರಿಗಿಂತ ಚೆನ್ನಾಗಿ ಆಡಿಸಿದ್ದರು.

ಭೀಮನಬೀಡಿನ ಆಸುಪಾಸಿನ ನಮ್ಮ ಪುಟ್ಟ ಊರಿನಲ್ಲಿ ನಾನು ಬ್ಲೌಸ್ ಹೊಲಿಯುವವಳು. ವಾರ್ಡಿನ ಪಂಚಾಯಿತಿ ಸೀಟು ಈ ಸಲ ಹೆಂಗಸರಿಗೆ ಬಂತು. ನೀರು ಬಾರದ ನಲ್ಲಿಯ ಮುಂದೆ ನಿಂತು ಯಾರ್‍ಯಾರನ್ನೋ ಬೈಯುವ ಬದಲು ನಾನೇ ಯಾಕೆ ಒಳಗೆ ಹೋಗಬಾರದು ಅನ್ನಿಸಿ ಅರ್ಜಿ ಹಾಕಿಬಿಟ್ಟೆ. ಮಾರನೆಯ ದಿನ ಗೋಡೆಯಾಚೆಯ ಮನೆಯ ನನ್ನ ಮೈದುನ ತನ್ನ ಹೆಂಡತಿ ಗಿರಿಜಳಿಂದಲೂ ಹಾಕಿಸಿದ. ಅಲ್ಲಿಗೆ ನಾನೂ ಗಿರಿಜಳೂ ಮಾತು ಬಿಟ್ಟೆವು. ಎರಡೂ ಮನೆಯಲ್ಲಿ ಸರದಿಯಂತೆ ಉಣ್ಣುವ ನಮ್ಮತ್ತೆ ಯಾರ ಕಡೆ ಎಂಬ ಯೋಚನೆಯಲ್ಲಿ ನನ್ನ ನಿದ್ದೆಯೂ ಹೋಯಿತು. ಅತ್ತೆ ಗಿರಿಜಳ ಮನೆಯಲ್ಲಿ ಎರಡನೇ ಸಲ ಸಾರು ಹಾಕಿಸಿಕೊಂಡರೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಚಿಹ್ನೆ ಕೊಡುವ ದಿನ ಇಬ್ಬರೂ ಹೊಲಿಗೆ ಯಂತ್ರವನ್ನೇ ಕೇಳಿದೆವು. ಚೀಟಿ ಎತ್ತಿದರು. ಜೀವಮಾನದಲ್ಲಿ ಒಂದು ಗುಂಡಿಯನ್ನೂ ಹೊಲಿಯದ ಗಿರಿಜಳಿಗೆ ಹೊಲಿಗೆ ಯಂತ್ರ ಸಿಕ್ಕಿತು. ನನಗೆ ಸೀಲಿಂಗ್ ಫ್ಯಾನು.

ಅಲ್ಲಿಂದ ನನ್ನ ಪ್ರಚಾರವೆಲ್ಲ ನಾನು ಹೊಲಿಗೆ ಯಂತ್ರ ಅಲ್ಲ ಎಂದು ಸಾಧಿಸುವುದೇ ಆಯಿತು. ಮೂಲೆಮನೆಯ ಮಾದಮ್ಮ ನನ್ನ ಕೈಹಿಡಿದು, “ನೀವ್ ಬಂದು ಕೇಳ್ಬೇಕಾ ಟೈಲರಮ್ಮ? ಮಿಷಿನ್ಗೇ ಒತ್ತೀವಿ ಬುಡಿ” ಎಂದರು.

“ಮಿಷಿನ್ನು ಗಿರಿಜಂದು ಕಣವ್ವ, ನಂದು ಫ್ಯಾನು!”

“ಮನೇಲಿ ಮಿಷಿನ್ ಮಡೀಕಂಡು ಫ್ಯಾನು ಅಂತೀರಲ್ಲ! ಅದಿರ್ಲಿ, ನನ್ ಬ್ಲೌಸು ಯಾವಾಗ ಕೊಟ್ಟೀರಿ?”

ಹೊಲಿಯಲು ಕೂರಲಾರದೆ ಬ್ಲೌಸುಗಳೆಲ್ಲ ಹಾಗೇ ಬಿದ್ದಿದ್ದವು. ಕೂತರೆ ತೋಳಿನ ಜಾಗಕ್ಕೆ ಕತ್ತು ಕತ್ತರಿಸುತ್ತಿದ್ದೆ.

ಎಣಿಕೆಯ ದಿನ ಗಿರಿಜ ಗೆದ್ದಳು. ಪಟಾಕಿ ಸದ್ದಿಗೆ ಬಾಗಿಲು ಹಾಕಿಕೊಂಡು ಕೂತಿದ್ದೆ. ಅತ್ತೆ ಬಾಗಿಲು ತಟ್ಟಿ ಒಳಗೆ ಬಂದರು. “ಯಾಕಂಗ್ ಅಳ್ತಿದ್ದೀಯೆ? ನಾನ್ ನಿನ್ಗೇ ಒತ್ತಿವ್ನಿ ಕಣಮ್ಮಿ. ಆ ಮಿಷಿನ್ ಮ್ಯಾಲೇ ಸರ್‍ಯಾಗಿ ಒತ್ತಿವ್ನಿ!”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅತ್ತೆ ನಿಜವಾಗಿ ತಪ್ಪಿದರೋ, ಇಬ್ಬರು ಸೊಸೆಯರ ಮಧ್ಯೆ ಜಾಣತನ ಮಾಡಿದರೋ, ಇವತ್ತಿಗೂ ಗೊತ್ತಿಲ್ಲ. ಊರಿನಲ್ಲಿ ಇನ್ನೂ ಹಲವರು ಇದೇ ಮಾತು ಹೇಳಿದಾಗ, ಗೆದ್ದದ್ದು ನಾನೇ, ಹಾರ ಮಾತ್ರ ಗಿರಿಜಳ ಕೊರಳಿಗೆ ಬಿತ್ತು ಎಂದುಕೊಂಡೆ. ಅವಳ ಜೊತೆ ಈ ಜನ್ಮದಲ್ಲಿ ಮಾತಾಡಬಾರದು ಎಂದೂ ನಿರ್ಧರಿಸಿದೆ.

ಮೊದಲ ಮೀಟಿಂಗಿನ ಬೆಳಿಗ್ಗೆ ಅವಳೇ ಬಂದು ಹೊಸ್ತಿಲಲ್ಲಿ ನಿಂತಳು. ಮುಖ ಬಾಡಿತ್ತು. “ಅಕ್ಕ, ಅಲ್ಲಿ ಓಗಿ ಏನ್ ಮಾತಾಡದು ಅಂತ್ಲೇ ಗೊತ್ತಿಲ್ಲ. ನಮ್ಮನೆಯವ್ರು ತಾವೇ ಬಂದು ಮಾತಾಡ್ತೀನಿ ಅಂತವ್ರೆ. ನಂಗಿಷ್ಟ ಇಲ್ಲ. ನೀವು ಬಂದು ಬಾಗ್ಲಿಂದ ಈಚೆ ಕೂತ್ಕಂಡಿದ್ರೆ ಸಾಕು, ಧೈರ್ಯ.”

ಯೋಚನೆ ಮಾಡಿ ಹೇಳುತ್ತೇನೆ ಎಂದು ಗಂಭೀರವಾಗಿ ಉತ್ತರಿಸಿದೆ. ಅಷ್ಟರಲ್ಲಿ ನನ್ನ ಕೈ ಬೀರುವಿನೊಳಗೆ ಒಳ್ಳೆಯ ಸೀರೆ ಹುಡುಕುತ್ತಿತ್ತು.